ರಿಯೋಹಾದ ಓಕ್ ಪೀಪಾಯಿಯ ಬಿಳಿ ವೈನ್: ಆರಿಸುವುದು, ಕಾಪಿಡುವುದು, ಬಡಿಸುವುದು

ಫ್ರಿಜ್‌ನಿಂದ ತೆಗೆದ ಕೂಡಲೇ ಬಿರಡೆ ಕಿತ್ತು, ಸಣ್ಣ ಗ್ಲಾಸಿಗೆ ಸುರಿದು, ಹತ್ತು ನಿಮಿಷದಲ್ಲಿ ಕುಡಿದು ಮುಗಿಸಿದರೆ ಬಹುಪಾಲು ಬಿಳಿ ವೈನ್‌ಗಳಿಗೆ ಹೆಚ್ಚೇನೂ ನಷ್ಟವಿಲ್ಲ. ಸ್ಪೇನ್‌ನ ರಿಯೋಹಾ ಸೀಮೆಯಲ್ಲಿ ಓಕ್ ಮರದ ಪೀಪಾಯಿಯೊಳಗೆ ವರ್ಷಗಟ್ಟಲೆ ಮಾಗಿದ ಬಿಳಿ ವೈನಿಗೆ ಹಾಗೆ ಮಾಡಿದರೆ ಹುಳಿ ಮತ್ತು ಒಗರು ಬಿಟ್ಟು ಬೇರೇನೂ ನಾಲಿಗೆಗೆ ಸಿಗುವುದಿಲ್ಲ, ಕೊಟ್ಟ ದುಡ್ಡು ದಂಡ ಎನಿಸುತ್ತದೆ. ಈ ವೈನನ್ನು ರೂಪಿಸುವುದು ಮುಖ್ಯವಾಗಿ ಕಾಲ, ಮತ್ತು ಮರದ ಸಂದಿಯಿಂದ ಅಷ್ಟಷ್ಟೇ ಒಳಬರುವ ಗಾಳಿ. ಮರದ ಸ್ವಂತ ಪರಿಮಳದ ಪಾಲು ಅದರಲ್ಲಿ ಚಿಕ್ಕದು. ಬಡಿಸುವಾಗಲೂ ಅದು ಕೇಳುವುದು ಇವನ್ನೇ: ಸ್ವಲ್ಪ ಬಿಸುಪು, ಸ್ವಲ್ಪ ಗಾಳಿ, ಸ್ವಲ್ಪ ಹೊತ್ತು. ಇವಿಷ್ಟನ್ನು ಎಲ್ಲಿ, ಎಷ್ಟು ಕೊಡಬೇಕು ಎಂಬುದು ಈ ಮಾರ್ಗದರ್ಶಿಯ ವಿಷಯ.

ನೆಲ ಮತ್ತು ಹಿನ್ನೆಲೆ

ರಿಯೋಹಾ ಎಂದರೆ ಉತ್ತರ ಸ್ಪೇನ್‌ನಲ್ಲಿ ಎಬ್ರೊ ನದಿಯ ಎರಡೂ ದಡಗಳಲ್ಲಿ ಹಬ್ಬಿದ ದ್ರಾಕ್ಷಿಯ ಸೀಮೆ. ಉತ್ತರಕ್ಕೆ ಸಿಯೆರ್ರಾ ದೆ ಕಾಂತಾಬ್ರಿಯಾ ಎಂಬ ಬೆಟ್ಟಸಾಲು ಗೋಡೆಯಂತೆ ನಿಂತು ಅಟ್ಲಾಂಟಿಕ್ ಕಡೆಯ ಮಳೆಮೋಡಗಳನ್ನು ಬಹುಮಟ್ಟಿಗೆ ಆಚೆಯೇ ಇಳಿಸಿಬಿಡುತ್ತದೆ. ಸಹ್ಯಾದ್ರಿಯ ಪಡುವಣಕ್ಕೆ ಮಳೆನಾಡು, ಮೂಡಣಕ್ಕೆ ಬಯಲುಸೀಮೆ ಇರುವಂತೆಯೇ ಇದು. ಸೀಮೆಯಲ್ಲಿ ಮೂರು ಭಾಗಗಳಿವೆ. ಪಶ್ಚಿಮದಲ್ಲಿ ಆರೋ ಪಟ್ಟಣದ ಸುತ್ತಲಿನ ರಿಯೋಹಾ ಆಲ್ತಾ. ನದಿಯ ಉತ್ತರ ದಡದಲ್ಲಿ ಬಾಸ್ಕ್ ನಾಡಿನ ಆಲವಾ ಪ್ರಾಂತಕ್ಕೆ ಸೇರಿದ ರಿಯೋಹಾ ಆಲವೆಸಾ. ಪೂರ್ವಕ್ಕೆ ಬಿಸಿಲು ಹೆಚ್ಚಿರುವ ರಿಯೋಹಾ ಓರಿಯೆಂತಾಲ್. ಈ ಮೂರನೆಯದನ್ನು 2018ರವರೆಗೆ ರಿಯೋಹಾ ಬಾಹಾ ಎನ್ನುತ್ತಿದ್ದರು, ಹಳೆಯ ಬಾಟಲಿಗಳ ಮೇಲೆ ಆ ಹೆಸರೇ ಕಾಣಬಹುದು. ದೀರ್ಘಕಾಲ ಮಾಗುವ ಬಿಳಿ ವೈನ್‌ಗೆ ಹುಳಿ ಗಟ್ಟಿಯಾಗಿರಬೇಕು. ತಂಪು ರಾತ್ರಿ, ಸುಣ್ಣ ಬೆರೆತ ಜೇಡಿಮಣ್ಣು ಇರುವ ಮೊದಲ ಎರಡು ಭಾಗಗಳ ದ್ರಾಕ್ಷಿಯಲ್ಲಿ ಅದು ಸಹಜವಾಗಿ ಉಳಿಯುತ್ತದೆ.

ಪೀಪಾಯಿ ಇಲ್ಲಿಗೆ ಬಂದದ್ದು ಫ್ರಾನ್ಸ್‌ನ ಬೋರ್ದೊ ಕಡೆಯಿಂದ. 1852ರಲ್ಲಿ ಲುಸಿಯಾನೊ ಮುರ್ರಿಯೆತಾ ಬೋರ್ದೊ ಪದ್ಧತಿಯಲ್ಲಿ ವೈನ್ ಮಾಡತೊಡಗಿದ. ಕೆಲವೇ ವರ್ಷಗಳಲ್ಲಿ ಎಲ್ಸಿಯೆಗೊ ಊರಿನ ಮಾರ್ಕೆಸ್ ದೆ ರಿಸ್ಕಾಲ್ ಮನೆತನವೂ ಅದೇ ದಾರಿ ಹಿಡಿಯಿತು. ಅಷ್ಟರಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಫ್ರಾನ್ಸ್‌ನ ತೋಟಗಳನ್ನು ಹಾಳುಗೆಡವಿತ್ತು. ವೈನಿಗಾಗಿ ಗಡಿ ದಾಟಿ ಬಂದ ಬೋರ್ದೊ ವ್ಯಾಪಾರಿಗಳಿಗೆ ಆರೋ ಅನುಕೂಲದ ಊರಾಯಿತು, ಏಕೆಂದರೆ ಅಲ್ಲಿಂದ ಬಿಲ್ಬಾವೊ ಬಂದರಿಗೆ ರೈಲಿತ್ತು. ರೈಲು ನಿಲ್ದಾಣದ ಪಕ್ಕದಲ್ಲೇ ವೈನ್ ಮನೆಗಳು ಎದ್ದವು: 1877ರಲ್ಲಿ ಲೋಪೆಸ್ ದೆ ಎರೆದಿಯಾ, 1879ರಲ್ಲಿ ಕೂನೆ, 1890ರಲ್ಲಿ ಲಾ ರಿಯೋಹಾ ಆಲ್ತಾ. ‘ನಿಲ್ದಾಣದ ಕೇರಿ’ ಎಂಬ ಹೆಸರಿನ ಆ ಬೀದಿಯಲ್ಲಿ ಇವತ್ತಿಗೂ ಈ ಮನೆಗಳು ಅಕ್ಕಪಕ್ಕದಲ್ಲಿವೆ. ರಿಯೋಹಾದ ಹೆಸರಿಗೆ 1925ರಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು. 1991ರಲ್ಲಿ ಸ್ಪೇನ್‌ನ ಅತ್ಯುನ್ನತ ದರ್ಜೆ ಮೊದಲು ದೊರೆತದ್ದೂ ಈ ಸೀಮೆಗೇ.

1970ರಲ್ಲಿ ಸೆನಿಸೆರೊ ಊರಿನಲ್ಲಿ ಶುರುವಾದ ಮಾರ್ಕೆಸ್ ದೆ ಕಾಸೆರೆಸ್ ಉಕ್ಕಿನ ತೊಟ್ಟಿಯಲ್ಲಿ ತಂಪಾಗಿ ಹುದುಗಿಸಿದ ತಾಜಾ ಬಿಳಿ ವೈನ್ ತಂದಿತು. ಬೇಗ ತಯಾರಾಗುವ, ಬೇಗ ಮಾರಾಟವಾಗುವ ಆ ಬಗೆಯ ಮುಂದೆ ಪೀಪಾಯಿಯ ಬಿಳಿ ವೈನ್ ಹಳೇ ಕಾಲದ್ದು ಎನಿಸಿಕೊಂಡಿತು, ಹೆಚ್ಚಿನ ಮನೆಗಳು ಅದನ್ನು ಕೈಬಿಟ್ಟವು. ಬಿಡದೆ ಮಾಡುತ್ತ ಬಂದ ಬೆರಳೆಣಿಕೆಯ ಮನೆಗಳಿಂದ ಈ ಶೈಲಿ ಉಳಿಯಿತು. ಈಗ ಎಳೆಯ ತಯಾರಕರೂ ಅದನ್ನು ಹೊಸದಾಗಿ ಕಲಿಯುತ್ತಿದ್ದಾರೆ.

ಪೀಪಾಯಿಯೊಳಗೆ ನಡೆಯುವುದು

ಮುಖ್ಯ ದ್ರಾಕ್ಷಿ ವಿಯುರಾ. ಸ್ಪೇನ್‌ನ ಉಳಿದೆಡೆ ಇದೇ ತಳಿಗೆ ಮಕಾಬೆಯೊ ಎಂದು ಹೆಸರು. ಕಾವಾ ಎಂಬ ನೊರೆವೈನಿಗೂ ಇದು ಬಳಕೆಯಾಗುತ್ತದೆ. ಎಳೆಯದಿದ್ದಾಗ ಇದಕ್ಕೆ ಹೇಳಿಕೊಳ್ಳುವ ಪರಿಮಳವಿಲ್ಲ: ಒಂದಿಷ್ಟು ಹಸಿರು ಸೇಬು, ಬಿಳಿ ಹೂವು, ಅಷ್ಟೆ. ಈ ಸಪ್ಪೆತನವೇ ಅದರ ಬಲ. ಪರಿಮಳ ತುಂಬಿದ ದ್ರಾಕ್ಷಿ ವರ್ಷ ಕಳೆದಂತೆ ತನ್ನ ಗುರುತು ಕಳೆದುಕೊಳ್ಳುತ್ತದೆ. ವಿಯುರಾಗೆ ಕಳೆದುಕೊಳ್ಳುವುದು ಕಡಿಮೆ, ಪಡೆದುಕೊಳ್ಳುವುದು ಹೆಚ್ಚು. ಇದರ ಜೊತೆ ಮೈಗೂಡಲು ಮಾಲ್ವಸಿಯಾವನ್ನೋ ಗಾರ್ನಾಚಾ ಬ್ಲಾಂಕಾವನ್ನೋ ಸ್ವಲ್ಪ ಬೆರೆಸುತ್ತಾರೆ. 1988ರಲ್ಲಿ ಒಂದು ಕೆಂಪು ತೆಂಪ್ರಾನಿಯೊ ಬಳ್ಳಿಯಲ್ಲಿ ತಾನಾಗಿ ಬಿಳಿ ಗೊಂಚಲು ಬಿಟ್ಟದ್ದು ಕಂಡು, ಅದರಿಂದ ತೆಂಪ್ರಾನಿಯೊ ಬ್ಲಾಂಕೊ ಎಂಬ ಹೊಸ ತಳಿಯೇ ಹುಟ್ಟಿತು.

ಪೀಪಾಯಿಯ ಅಳತೆ ಸುಮಾರು 225 ಲೀಟರ್, ಅಂದರೆ 750 ಮಿಲಿಲೀಟರಿನ 300 ಬಾಟಲಿ. ಹೊಸ ಪೀಪಾಯಿ ವೈನಿಗೆ ವೆನಿಲ್ಲಾ, ಸುಟ್ಟ ಬ್ರೆಡ್ಡು, ತೆಂಗಿನಕಾಯಿಯ ವಾಸನೆ ಕೊಡುತ್ತದೆ. ಅಮೆರಿಕದ ಓಕ್‌ನಲ್ಲಿ ತೆಂಗಿನ ವಾಸನೆ ಎದ್ದು ಕಾಣುತ್ತದೆ, ಕಾರಣ ಆ ಮರದಲ್ಲಿರುವ ಲ್ಯಾಕ್ಟೋನ್ ಎಂಬ ಸಂಯುಕ್ತ. ತೆಂಗಿನಕಾಯಿಯ ಸ್ವಂತ ಪರಿಮಳವೂ ಅದೇ ಜಾತಿಯ ಸಂಯುಕ್ತಗಳಿಂದ ಬರುವಂಥದ್ದು. ಮತ್ತೆ ಮತ್ತೆ ತುಂಬಿಸಿ ಬರಿದು ಮಾಡಿದ ಹಳೆಯ ಪೀಪಾಯಿಯಲ್ಲಿ ಈ ವಾಸನೆ ಸವೆದುಹೋಗಿರುತ್ತದೆ, ಆದರೆ ಮರದ ಸಂದಿಯಿಂದ ಗಾಳಿ ಒಳಬರುವುದು ನಿಲ್ಲುವುದಿಲ್ಲ. ಹಳೆಯ ಪದ್ಧತಿಯವರು ಇಂಥ ಸವೆದ ಪೀಪಾಯಿಯನ್ನೇ ಬಯಸುತ್ತಾರೆ. ಅವರು ವರ್ಷಕ್ಕೆ ಎರಡು ಬಾರಿಯಷ್ಟು ಗಸಿಯನ್ನು ಕೆಳಗೆ ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ವರ್ಗಾಯಿಸುತ್ತಾರೆ, ಕೊನೆಯಲ್ಲಿ ಮೊಟ್ಟೆಯ ಬಿಳಿ ಹಾಕಿ ವೈನನ್ನು ತಿಳಿಗೊಳಿಸುತ್ತಾರೆ. ಹೊಸ ಪದ್ಧತಿಯವರು ತದ್ವಿರುದ್ಧ: ಹುದುಗುವಿಕೆಯೇ ಪೀಪಾಯಿಯಲ್ಲಿ, ಆಮೇಲೆ ಕೆಲವು ತಿಂಗಳು ಗಸಿಯ ಜೊತೆಗೇ ಬಿಟ್ಟು ಆಗಾಗ ಕೋಲಿನಿಂದ ಕಲಕುತ್ತಾರೆ. ಗಸಿ ಆಮ್ಲಜನಕವನ್ನು ತಾನೇ ಹೀರಿಕೊಂಡು ವೈನನ್ನು ತಾಜಾ ಇಡುತ್ತದೆ, ಬಾಯಿಗೆ ಕೆನೆಯಂಥ ನುಣುಪು ಕೊಡುತ್ತದೆ.

ಮೊದಲ ಹೆಜ್ಜೆ: ಎರಡರಲ್ಲಿ ಯಾವುದು ಬೇಕು?

ಅಂಗಡಿಗೆ ಹೋಗುವ ಮುನ್ನವೇ ಇದನ್ನು ತೀರ್ಮಾನಿಸಿ. ಕೆನೆ, ಪೇರು, ಲಿಂಬೆಸಿಪ್ಪೆ, ಒಂದಿಷ್ಟು ವೆನಿಲ್ಲಾ ಬೇಕಿದ್ದರೆ ಎರಡು-ಐದು ವರ್ಷದ, ಪೀಪಾಯಿಯಲ್ಲಿ ಹುದುಗಿದ ವೈನ್ ತೆಗೆದುಕೊಳ್ಳಿ. ಮುಗಾ ಮನೆಯ ಬಿಳಿ ವೈನ್ ಈ ಬಗೆಯದು, ಬೆಲೆಯೂ ಕೈಗೆಟುಕುವಂತಿದೆ. ಬಾದಾಮಿ, ಜೇನುಮೇಣ, ಒಣಗಿದ ಕಿತ್ತಳೆಸಿಪ್ಪೆ, ಉಪ್ಪಿನ ಎಳೆ ಬೇಕಿದ್ದರೆ ಹಳೆಯ ಪದ್ಧತಿಯದೇ ಆಗಬೇಕು. ಇದಕ್ಕೆ ಎಲ್ಲರೂ ಬೊಟ್ಟು ಮಾಡುವುದು ಲೋಪೆಸ್ ದೆ ಎರೆದಿಯಾದ ವಿನ್ಯಾ ತೊಂದೋನಿಯಾ ರಿಸರ್ವಾದ ಕಡೆಗೆ. ಅದರಲ್ಲಿ ವಿಯುರಾ 90 ಪಾಲು, ಮಾಲ್ವಸಿಯಾ 10 ಪಾಲು. ಪೀಪಾಯಿಯಲ್ಲಿ ಸುಮಾರು 6 ವರ್ಷ. ಪೀಪಾಯಿಗಳನ್ನು ಮನೆಯ ಕಮ್ಮಟದಲ್ಲೇ ಅಮೆರಿಕದ ಓಕ್‌ನಿಂದ ಕಟ್ಟುತ್ತಾರೆ. ಅದೇ ಮನೆಯ ಗ್ರಾವೋನಿಯಾ ಬರೀ ವಿಯುರಾದ್ದು, ಪೀಪಾಯಿಯಲ್ಲಿ 4 ವರ್ಷ, ಬೆಲೆ ಸಾಕಷ್ಟು ಕಡಿಮೆ. ಈ ಶೈಲಿಗೆ ಮೊದಲ ಸಲ ಬರುವವರು ಗ್ರಾವೋನಿಯಾದಿಂದಲೇ ಶುರುಮಾಡುವುದು ಒಳ್ಳೆಯದು. ಕೂನೆಯ ಮೊನೊಪೋಲ್ 1915ರಿಂದ ಬರುತ್ತಿರುವ ಹೆಸರು. ಅದರಲ್ಲಿ ‘ಕ್ಲಾಸಿಕೊ’ ಎಂದಿರುವುದು ಮಾತ್ರ ಹಳೆಯ ಕ್ರಮದ್ದು. ವಿಯುರಾ ವೈನಿಗೆ ದಕ್ಷಿಣ ಸ್ಪೇನ್‌ನ ಮನ್ಸಾನಿಯಾ ಶೆರಿ ಎಂಬ ಬಗೆಯ ವೈನನ್ನು ಸ್ವಲ್ಪ ಸೇರಿಸುವ ಹಿಂದಿನ ರೂಢಿಯನ್ನು ಅದರಲ್ಲಿ ಮತ್ತೆ ತಂದಿದ್ದಾರೆ. ಬರೀ ‘ಮೊನೊಪೋಲ್’ ಎಂದಿರುವುದು ಪೀಪಾಯಿ ಕಾಣದ ತಾಜಾ ವೈನ್, ಗೊಂದಲ ಬೇಡ.

ಎಲ್ಲಿಯವರೆಗೆ ಮಾಗಬಲ್ಲದು ಎಂಬುದಕ್ಕೆ ಮಾರ್ಕೆಸ್ ದೆ ಮುರ್ರಿಯೆತಾದ ಕಸ್ತೀಯೊ ಇಗಾಯ್ 1986 ಸಾಕ್ಷಿ: ಓಕ್ ಪೀಪಾಯಿಯಲ್ಲಿ 21 ವರ್ಷ, ಬಳಿಕ ಕಾಂಕ್ರೀಟ್ ತೊಟ್ಟಿಯಲ್ಲಿ ಐದು ವರ್ಷಕ್ಕೂ ಹೆಚ್ಚು, ಆಮೇಲಷ್ಟೇ ಬಾಟಲಿ.

ಎರಡನೆಯ ಹೆಜ್ಜೆ: ಲೇಬಲ್ ಓದುವುದು

ಪ್ರತಿ ರಿಯೋಹಾ ಬಾಟಲಿಯ ಹಿಂಬದಿಯಲ್ಲಿ ನಿಯಂತ್ರಣ ಮಂಡಳಿಯ ಚಿಕ್ಕ ಮುದ್ರೆಚೀಟಿ ಇರುತ್ತದೆ. ಹಸಿರು ಇದ್ದರೆ ಸಾಮಾನ್ಯ ವರ್ಗ. ಮಾಗಿಸಿದ ವರ್ಗಗಳಲ್ಲಿ ಕ್ರಿಯಾನ್ಸಾಗೆ ಕೆಂಪು ಚೀಟಿ, ರಿಸರ್ವಾಗೆ ಗಾಢ ಕೆನ್ನೇರಳೆ, ಗ್ರಾನ್ ರಿಸರ್ವಾಗೆ ನೀಲಿ. ಬಿಳಿ ವೈನಿನಲ್ಲಿ ಕ್ರಿಯಾನ್ಸಾ ಎನಿಸಿಕೊಳ್ಳಲು ಪೀಪಾಯಿಯಲ್ಲಿ ಕನಿಷ್ಠ 6 ತಿಂಗಳು ಕಳೆದಿರಬೇಕು. ರಿಸರ್ವಾಗೆ ಒಟ್ಟು 2 ವರ್ಷ, ಅದರಲ್ಲಿ 6 ತಿಂಗಳು ಪೀಪಾಯಿ. ಗ್ರಾನ್ ರಿಸರ್ವಾಗೆ ಒಟ್ಟು 4 ವರ್ಷ. ಕೆಂಪು ವೈನಿನ ನಿಯಮ ಇದಕ್ಕಿಂತ ಬಿಗಿ, ಎರಡನ್ನೂ ಕಲಸಿಕೊಳ್ಳಬೇಡಿ.

ಮೋಸಹೋಗುವುದು ಇಲ್ಲೇ. ನಿಯಮದ 6 ತಿಂಗಳಿಗೂ ತೊಂದೋನಿಯಾದ 6 ವರ್ಷಕ್ಕೂ ಲೇಬಲ್ಲಿನಲ್ಲಿ ಒಂದೇ ಪದ: ರಿಸರ್ವಾ. ಇನ್ನೊಂದೆಡೆ, ಹಸಿರು ಚೀಟಿಯ ಕೆಲವು ವೈನ್‌ಗಳು ಸೊಗಸಾಗಿ ಪೀಪಾಯಿಯಲ್ಲೇ ಹುದುಗಿದವು; ವರ್ಗದ ಹೆಸರು ಬೇಡವೆಂದು ತಯಾರಕರೇ ಸಾಮಾನ್ಯ ವರ್ಗದಲ್ಲಿ ಬಿಟ್ಟಿರುತ್ತಾರೆ. ಹಾಗಾಗಿ ‘ಫೆರ್ಮೆಂತಾದೊ ಎನ್ ಬಾರ್ರಿಕಾ’, ಅಂದರೆ ಪೀಪಾಯಿಯಲ್ಲಿ ಹುದುಗಿದ್ದು, ಎಂಬ ಸಾಲನ್ನು ಹುಡುಕಿ. ಎಷ್ಟು ತಿಂಗಳು, ಯಾವ ಮರ ಎಂಬುದನ್ನು ಆ ಮನೆಯ ಜಾಲತಾಣದ ವಿವರ ಪಟ್ಟಿಯಲ್ಲಿ ನೋಡಿ. ನಮ್ಮ ಮಟ್ಟಿಗೆ ಚೀಟಿಯ ಬಣ್ಣಕ್ಕಿಂತ ಆ ಎರಡು ವಿವರಗಳೇ ನಂಬಿಕೆಗೆ ಅರ್ಹ.

ಮೂರನೆಯ ಹೆಜ್ಜೆ: ಕೊಳ್ಳುವಾಗ ಬಾಟಲಿ ನೋಡುವ ಬಗೆ

ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಹತ್ತು ವರ್ಷದ ಹಳೆಯ ಪದ್ಧತಿಯ ವೈನ್ ಬಂಗಾರದ ಬಣ್ಣಕ್ಕಿದ್ದರೆ ಸಹಜ. ಮೂರು ವರ್ಷದ ಹೊಸ ಪದ್ಧತಿಯ ವೈನ್ ಅದೇ ಬಣ್ಣಕ್ಕೆ ತಿರುಗಿದ್ದರೆ ಎಲ್ಲೋ ಬಿಸಿಲು ತಿಂದಿದೆ. ಎಳೆಯ ಬಾಟಲಿಯಲ್ಲಿ ವೈನಿನ ಮಟ್ಟ ಬಿರಡೆಯ ಹತ್ತಿರದಲ್ಲೇ ಇರಬೇಕು. ಇಪ್ಪತ್ತು ವರ್ಷ ದಾಟಿದ್ದರೆ ಒಂದೆರಡು ಸೆಂಟಿಮೀಟರ್ ಇಳಿದಿರುವುದು ವಾಡಿಕೆ, ಬಾಟಲಿಯ ಭುಜದವರೆಗೆ ಇಳಿದಿದ್ದರೆ ಬಿಟ್ಟುಬಿಡಿ. ಬಿರಡೆ ಉಬ್ಬಿ ಮೇಲೆದ್ದಿದ್ದರೆ, ಕತ್ತಿನ ಸುತ್ತ ಅಂಟು ಒಸರಿದ ಗುರುತಿದ್ದರೆ ಅದು ಬಿಸಿಯ ಪೆಟ್ಟು. ವೈನ್ ಹಿಗ್ಗಿ ಬಿರಡೆಯನ್ನು ದೂಡಿದೆ, ತಣ್ಣಗಾದಾಗ ಗಾಳಿ ಒಳಗೆ ಎಳೆದುಕೊಂಡಿದೆ.

ವಿದೇಶದಿಂದ ಹೊತ್ತು ತರುವವರು ನೆನಪಿಡಬೇಕಾದ ಲೆಕ್ಕವೊಂದಿದೆ: ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರಿಗೆ ಸುಂಕವಿಲ್ಲದೆ ತರಲು ಅವಕಾಶವಿರುವುದು 2 ಲೀಟರ್. ಎರಡು ಬಾಟಲಿ ಎಂದರೆ ಒಂದೂವರೆ ಲೀಟರ್. ಮೂರನೆಯದು ಸೇರಿದರೆ ಎರಡೂಕಾಲು, ಮಿತಿ ಮೀರಿತು. ದೂರ ಪ್ರಯಾಣ ಮಾಡಿ ಬಂದ ಹಳೆಯ ಬಾಟಲಿಯನ್ನು ಒಂದೆರಡು ವಾರ ಅಲುಗಾಡಿಸದೆ ಇಟ್ಟು ಆಮೇಲೆ ತೆರೆಯಿರಿ, ಕದಡಿದ ಗಸಿ ಕೂರಲಿ.

ನಾಲ್ಕನೆಯ ಹೆಜ್ಜೆ: ಕಾಪಿಡುವುದು

12ರಿಂದ 14 ಡಿಗ್ರಿ ಸೆಲ್ಸಿಯಸ್, ಕತ್ತಲೆ, ಅಲುಗಾಟವಿಲ್ಲದ ಜಾಗ, ಬಾಟಲಿ ಮಲಗಿದ ಭಂಗಿಯಲ್ಲಿ. ಬಿರಡೆ ಸದಾ ವೈನಿನಿಂದ ಒದ್ದೆಯಾಗಿದ್ದರೆ ಒಣಗಿ ಕುಗ್ಗುವುದಿಲ್ಲ. ಸ್ಥಿರತೆ ಮುಖ್ಯ: ಬದಲಾಗದ 17 ಡಿಗ್ರಿ, ಹಗಲು ಏರಿ ರಾತ್ರಿ ಇಳಿಯುವ 13ಕ್ಕಿಂತ ಮೇಲು. ಬೆಂಗಳೂರಿನಲ್ಲೂ ಏಪ್ರಿಲ್‌ನಲ್ಲಿ ಮನೆಯೊಳಗೆ 30 ಡಿಗ್ರಿ ಮುಟ್ಟುವುದುಂಟು. ಮಂಗಳೂರು, ಕಲಬುರಗಿಯ ಮಾತು ಬೇಡ. ವೈನಿನ ಫ್ರಿಜ್ ಇಲ್ಲದಿದ್ದರೆ ಅಡುಗೆಮನೆಯ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಎರಡು-ಮೂರು ತಿಂಗಳು ಇಡಬಹುದು. ಅದಕ್ಕೂ ಮೀರಿದರೆ ಅಲ್ಲಿನ ಒಣ ಗಾಳಿಗೆ ಬಿರಡೆ ಒಣಗುತ್ತದೆ. ವರ್ಷಗಟ್ಟಲೆ ಇಡುವ ವ್ಯವಸ್ಥೆ ಇಲ್ಲವೆಂದಾದರೆ ಆಗಲೇ ಮಾಗಿಸಿ ಮಾರುವ ವೈನನ್ನು ಕೊಂಡು, ಆ ಋತುವಿನಲ್ಲೇ ಕುಡಿಯಿರಿ. ತೊಂದೋನಿಯಾದಂಥ ವೈನನ್ನು ತಯಾರಕರು ಕೊಯ್ಲಾಗಿ ಹತ್ತು ವರ್ಷ ಕಳೆದ ಮೇಲೆ ಮಾರುಕಟ್ಟೆಗೆ ಬಿಡುವುದರಿಂದ ಕಾಯುವ ಕೆಲಸವನ್ನು ಅವರೇ ಮುಗಿಸಿರುತ್ತಾರೆ.

ಐದನೆಯ ಹೆಜ್ಜೆ: ತಂಪು

ಹೊಸ ಪದ್ಧತಿಯದಕ್ಕೆ 10ರಿಂದ 12 ಡಿಗ್ರಿ, ಹಳೆಯದಕ್ಕೆ 13ರಿಂದ 15. ಫ್ರಿಜ್ಜಿನೊಳಗಿನ ತಂಪು 4-5 ಡಿಗ್ರಿ. ಅಷ್ಟು ತಣ್ಣಗಿರುವ ವೈನಿನಿಂದ ಪರಿಮಳ ಮೇಲೇಳುವುದಿಲ್ಲ, ಹುಳಿ ಮತ್ತು ಒಗರು ಮಾತ್ರ ಮುಂದೆ ಬರುತ್ತವೆ.

ಇಡೀ ರಾತ್ರಿ ಫ್ರಿಜ್‌ನಲ್ಲಿದ್ದ ಹೊಸ ಬಗೆಯ ಬಾಟಲಿಯನ್ನು ಬಡಿಸುವ ಅರ್ಧ ಗಂಟೆ ಮುಂಚೆ, ಹಳೆಯ ಬಗೆಯದನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮುಂಚೆ ಹೊರಗಿಡಿ. ಬಾಟಲಿ ಕೋಣೆಯ ಬಿಸಿಯಲ್ಲೇ ಇದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು ಹಾಕಿ ಕತ್ತಿನವರೆಗೆ ಮುಳುಗಿಸಿ. 15ರಿಂದ 20 ನಿಮಿಷ ಸಾಕು. ಬರೀ ಐಸು ಹಾಕಿದರೆ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ಹೊತ್ತು ಹಿಡಿಯುತ್ತದೆ. ಫ್ರೀಜರಿಗೆ ಹಾಕಿ ಮರೆತರೆ ವೈನ್ ಹೆಪ್ಪುಗಟ್ಟಿ ಬಿರಡೆ ದೂಡುತ್ತದೆ. ಗ್ಲಾಸಿನಲ್ಲಿ ಸ್ವಲ್ಪ ಹೆಚ್ಚು ತಣ್ಣಗಿದ್ದರೂ ಚಿಂತೆಯಿಲ್ಲ, ನಮ್ಮ ಸೆಕೆಗೆ ಐದು-ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಬೆಚ್ಚಗಾದದ್ದನ್ನು ಗ್ಲಾಸಿನೊಳಗೆ ತಣಿಸುವ ದಾರಿ ಇಲ್ಲ.

ಆರನೆಯ ಹೆಜ್ಜೆ: ತೆರೆಯುವುದು, ಗಾಳಿ ಕೊಡುವುದು

ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ತಳದಲ್ಲಿ ಸಕ್ಕರೆ ಹರಳಿನಂತೆ ಹೊಳೆಯುವ ಕಣಗಳಿದ್ದರೆ ಗಾಜಿನ ಚೂರೆಂದು ಗಾಬರಿಯಾಗಬೇಡಿ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ತಂಪಿಗೆ ಹರಳುಗಟ್ಟಿದ್ದು, ಅಪಾಯವಿಲ್ಲ.

ಹದಿನೈದು ವರ್ಷ ದಾಟಿದ ಬಿರಡೆಗೆ ಮಾಮೂಲಿ ಸುರುಳಿ ಹಾಕಿದರೆ ನಡುವಿನಲ್ಲೇ ಮುರಿಯುವುದು ಹೆಚ್ಚು. ಎರಡು ತೆಳು ಅಲಗುಗಳಿರುವ ಬಿರಡೆಕೀಳಿ ಸಿಕ್ಕರೆ ಅದನ್ನೇ ಬಳಸಿ: ಉದ್ದ ಅಲಗನ್ನು ಮೊದಲು ಬಿರಡೆ ಮತ್ತು ಗಾಜಿನ ನಡುವೆ ತೂರಿಸಿ, ಆಚೀಚೆ ಅಲ್ಲಾಡಿಸುತ್ತ ಎರಡನ್ನೂ ಇಳಿಸಿ, ಆಮೇಲೆ ತಿರುಚುತ್ತ ಮೇಲಕ್ಕೆಳೆಯಿರಿ. ಸುರುಳಿ ಮಾತ್ರ ಇದ್ದರೆ ಸರಿಯಾಗಿ ನಡುವಿಗೆ ಚುಚ್ಚಿ, ಬಿರಡೆಯ ತಳ ದಾಟದಷ್ಟು ಆಳಕ್ಕೆ ಇಳಿಸಿ, ನಿಧಾನಕ್ಕೆ ಎತ್ತಿ. ಆದರೂ ಪುಡಿಯಾದರೆ ತೊಳೆದು ಒಣಗಿಸಿದ ತೆಳು ಬಿಳಿ ಬಟ್ಟೆಯಲ್ಲಿ ಸೋಸಿ. ಬಟ್ಟೆಗೆ ಸೋಪಿನ ವಾಸನೆ ಇರಕೂಡದು.

ಬಿರಡೆ ತೆಗೆದು ಹಾಗೇ ಇಟ್ಟರೆ ಗಾಳಿ ಆಡುವುದಿಲ್ಲ. ಬಾಟಲಿಯ ಬಾಯಿ ತೀರಾ ಕಿರಿದು. ಮೊದಲು 50 ಮಿಲಿಲೀಟರಿನಷ್ಟು ಗ್ಲಾಸಿಗೆ ಸುರಿದು ಮೂಸಿ. ಮುಚ್ಚಿಕೊಂಡಂತೆ, ಬೆಂಕಿಕಡ್ಡಿ ಗೀಚಿದಂತೆ ಅನಿಸಿದರೆ ಅಗಲ ಬಾಯಿಯ ಗಾಜಿನ ಜಾಡಿಗೆ ತಿಳಿಯನ್ನು ಬಗ್ಗಿಸಿ. ಗಸಿ ಕತ್ತಿನ ಹತ್ತಿರ ಬಂದಾಗ ನಿಲ್ಲಿಸಿ. ಹೊಸ ಬಗೆಗೆ 20-30 ನಿಮಿಷ, ಹತ್ತರಿಂದ ಇಪ್ಪತ್ತು ವರ್ಷದ ಹಳೆಯ ಬಗೆಗೆ ಸುಮಾರು ಒಂದು ಗಂಟೆ. ಕೆಂಪು ವೈನಿಗೆ ಮಾತ್ರ ಜಾಡಿ ಎಂಬ ರೂಢಿಯನ್ನು ಇಲ್ಲಿ ಬಿಟ್ಟುಬಿಡಿ. ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿ ಉಂಡು ಬಂದ ವೈನ್ ಒಂದು ಗಂಟೆಯ ಗಾಳಿಗೆ ಕುಸಿಯುವುದಿಲ್ಲ. ಮೂವತ್ತು-ನಲವತ್ತು ವರ್ಷದ್ದಾದರೆ ಜಾಡಿ ಬೇಡ, ನೇರವಾಗಿ ಗ್ಲಾಸಿಗೇ ಸುರಿದು ಅಲ್ಲೇ ತೆರೆದುಕೊಳ್ಳಲು ಬಿಡಿ. ಗ್ಲಾಸು 400 ಮಿಲಿಲೀಟರಿಗಿಂತ ದೊಡ್ಡದು, ಹೊಟ್ಟೆ ಅಗಲ, ಬಾಯಿ ಕಿರಿದು. ಒಮ್ಮೆಗೆ ಸುರಿಯುವುದು 100 ಮಿಲಿಲೀಟರ್.

ಕೆಟ್ಟಿದೆಯೋ, ಮಾಗಿದೆಯೋ?

ಅತಿ ಹೆಚ್ಚು ಒಳ್ಳೆಯ ಬಾಟಲಿಗಳು ಸಿಂಕಿಗೆ ಹೋಗುವುದು ಈ ಪ್ರಶ್ನೆಯಲ್ಲಿ ಎಡವಿದಾಗ. ಬಂಗಾರದ ಬಣ್ಣ, ಬಾದಾಮಿ, ಒಣಹಣ್ಣು, ಮೇಣದ ವಾಸನೆ ಇವೆಲ್ಲ ಗಾಳಿಯ ಕೆಲಸ, ದೋಷವಲ್ಲ. ತೀರ್ಪು ಕೊಡಬೇಕಾದ್ದು ಹುಳಿ. ಒಂದು ಗುಟುಕು ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ನೀರೂರುತ್ತಿದ್ದರೆ, ರುಚಿ ಬಹಳ ಹೊತ್ತು ಉಳಿದರೆ ವೈನ್ ಬದುಕಿದೆ. ಬಣ್ಣ ಚಹಾದ ಡಿಕಾಕ್ಷನ್ನಿನಂತೆ ಕಂದಾಗಿ, ಕತ್ತರಿಸಿಟ್ಟ ಸೇಬು ಕಪ್ಪಾದಾಗಿನ ವಾಸನೆ ಬಂದು, ನುಂಗಿದೊಡನೆ ರುಚಿ ಮಾಯವಾದರೆ ಅದು ಮುಗಿದ ವೈನ್.

ಮಳೆಗಾಲದಲ್ಲಿ ಒದ್ದೆಯಾದ ರಟ್ಟಿನಂಥ ಮುಗ್ಗಲು ವಾಸನೆ ಬಂದರೆ ತಪ್ಪು ಬಿರಡೆಯದು. ಅದರೊಳಗಿನ ಟಿಸಿಎ ಎಂಬ ರಾಸಾಯನಿಕ ವೈನಿಗಿಳಿದಿದೆ. ಗಾಳಿ ಕೊಟ್ಟಷ್ಟೂ ಈ ವಾಸನೆ ಹೆಚ್ಚುತ್ತದೆ, ಅಂಗಡಿಗೆ ಮರಳಿಸಿ. ಬೆಂಕಿಕಡ್ಡಿಯ ವಾಸನೆ ಇದಕ್ಕೆ ವಿರುದ್ಧ, ಗಾಳಿ ತಾಗಿದಂತೆ ಹೋಗಿಬಿಡುತ್ತದೆ. ಆದ್ದರಿಂದಲೇ ಅರ್ಧ ಗಂಟೆ ಕಾಯದೆ ಯಾವ ತೀರ್ಮಾನಕ್ಕೂ ಬರಬಾರದು. ಉಗುರುಬಣ್ಣ ಅಥವಾ ವಿನಿಗರಿನ ಘಾಟು ಎಳೆಯಷ್ಟಿದ್ದರೆ ಹಳೆಯ ವೈನಿನಲ್ಲಿ ಸಹ್ಯ, ಮೂಗು ಚುಚ್ಚಿದರೆ ಕೆಟ್ಟಿದೆ. ಬರೀ ವೆನಿಲ್ಲಾ, ಕೊಬ್ಬರಿ ವಾಸನೆಯೇ ತುಂಬಿ ಹಣ್ಣಿನ ಸುಳಿವೇ ಇಲ್ಲವೆಂದರೆ ಕೆಟ್ಟಿಲ್ಲ. ಹೊಸ ಮರ ಅತಿಯಾಗಿದೆ, ಅಥವಾ ವೈನಿಗೆ ಇನ್ನೂ ಎರಡು ವರ್ಷ ಬೇಕಿತ್ತು.

ಊಟದ ಜೊತೆ

ಅಲ್ಲಿಯವರು ಇದನ್ನು ಉಪ್ಪಿನ ಕಾಡ್ ಮೀನು, ಹುರಿದ ಕೋಳಿ, ತರಕಾರಿಗಳನ್ನು ಒಟ್ಟಿಗೆ ಬೇಯಿಸುವ ಮೆನೆಸ್ತ್ರಾ, ಕುರಿಹಾಲಿನ ಇದಿಯಾಸಾಬಾಲ್ ಗಿಣ್ಣು, ಹುರಿದ ಬಾದಾಮಿಯ ಜೊತೆ ಕುಡಿಯುತ್ತಾರೆ. ಲೋಗ್ರೊನ್ಯೊ ಪಟ್ಟಣದ ಲಾವ್ರೆಲ್ ಬೀದಿಯಲ್ಲಿ ಬ್ರೆಡ್ಡಿನ ತುಂಡಿನ ಮೇಲೆ ಬೆಳ್ಳುಳ್ಳಿ ಹಾಕಿ ಸುಟ್ಟ ಅಣಬೆಗಳನ್ನು ಪೇರಿಸಿ ಕೊಡುತ್ತಾರೆ. ಅಣಬೆ ಮತ್ತು ಮಾಗಿದ ಬಿಳಿ ವೈನಿನ ಈ ಜೋಡಿಯನ್ನು ಮನೆಯಲ್ಲೂ ಸುಲಭವಾಗಿ ಮಾಡಬಹುದು. ನಮ್ಮ ಅಡುಗೆಯಲ್ಲಿ ತೆಂಗಿನ ಹಾಲಿನ ಮೃದು ಸಾರು (ಕರಾವಳಿಯವರ ಗಸಿ), ನೀರುದೋಸೆ, ಗೋಡಂಬಿ ಹಾಕಿದ ಪಲ್ಯ, ಕಡಿಮೆ ಖಾರದ ಹುರಿದ ಮೀನು ಹೊಂದುತ್ತವೆ. ಖಾರ ಹೆಚ್ಚಿದಷ್ಟೂ ವೈನಿನ ಆಲ್ಕೋಹಾಲ್ ಉರಿಯನ್ನು ಹೆಚ್ಚಿಸುತ್ತದೆ, ಹುಣಸೆ ಹುಳಿ ವೈನಿನ ಹುಳಿಯನ್ನು ನುಂಗುತ್ತದೆ. ಹಾಗಾಗಿ ತುಪ್ಪದ ಕೋರಿ ರೋಸ್ಟಿಗೂ ಹುಳಿಸಾರಿಗೂ ಇದು ಬೇಡ.

ಉಳಿದದ್ದು

ಬಿರಡೆಯನ್ನು ತಿರುಗಿಸದೆ, ವೈನ್ ತಾಗಿದ್ದ ಬದಿಯನ್ನೇ ಒಳಗಿಟ್ಟು ಮುಚ್ಚಿ, ಬಾಟಲಿ ನಿಲ್ಲಿಸಿ ಫ್ರಿಜ್‌ನಲ್ಲಿಡಿ. ಅರ್ಧದಷ್ಟು ಉಳಿದಿದ್ದರೆ 375 ಮಿಲಿಲೀಟರಿನ ಚಿಕ್ಕ ಬಾಟಲಿಗೆ ಅಂಚಿನವರೆಗೆ ತುಂಬಿಸಿ, ಗಾಳಿಗೆ ಜಾಗ ಉಳಿಯಬಾರದು. ಹೊಸ ಬಗೆಯದು ಎರಡು-ಮೂರು ದಿನ ಚೆನ್ನಾಗಿರುತ್ತದೆ. ಹಳೆಯ ಬಗೆ ನಾಲ್ಕೈದು ದಿನ ತಾಳುತ್ತದೆ, ಎರಡನೆಯ ದಿನ ಮೊದಲ ದಿನಕ್ಕಿಂತ ಹೆಚ್ಚು ತೆರೆದುಕೊಂಡಿರುವುದೂ ಉಂಟು. ಅದಕ್ಕಾಗಿ ಬೇಕೆಂದೇ ಒಂದು ಗ್ಲಾಸಿನಷ್ಟು ಉಳಿಸಿ ನೋಡಿ. ತಳದಲ್ಲಿ ಗಸಿ ಬೆರೆತು ಉಳಿದ ಎರಡು ಚಮಚವನ್ನು ಚೆಲ್ಲಬೇಡಿ. ಬೆಣ್ಣೆಯಲ್ಲಿ ಅಣಬೆ ಹುರಿದು ನೀರೆಲ್ಲ ಇಂಗಿದ ಮೇಲೆ ಬಾಣಲೆಗೆ ಹಾಕಿ, ದೊಡ್ಡ ಉರಿಯಲ್ಲಿ ಒಂದು ನಿಮಿಷ ಇಂಗಿಸಿ.